ಕೆರಿಯಪ್ಪನ ಹೇಳಿಕೆ

ಕಣಗಿನಬೈಲಿಗೆ ಕಾಲೇಜು ಬಂದದ್ದು ಟಪಾಲಿನಲ್ಲಿ. ತಿಂಗಳಿಗೊಮ್ಮೆ, ಪುಣ್ಯವಿಲ್ಲದಿದ್ದರೆ ಎರಡು ತಿಂಗಳಿಗೊಮ್ಮೆ, ಮೈಸೂರಿನಿಂದ ಒಂದು ದಪ್ಪ ಲಕೋಟೆ ಹೊರಟು, ಹೊಸನಗರದಲ್ಲಿ ಇಳಿದು, ಪೋಸ್ಟಿನ ಜಯಪ್ಪನ ಸೈಕಲ್ಲೇರಿ ಊರು ಸೇರುತ್ತಿತ್ತು. ಒಳಗೆ ಸೈಕ್ಲೋಸ್ಟೈಲ್ ಮಾಡಿದ ಬಿ.ಎ. ಪಾಠಗಳು. ಶಾಯಿ ಹರಡಿ ಅಲ್ಲೊಂದು ಇಲ್ಲೊಂದು ಸಾಲು ನುಂಗಿಹೋಗಿರುತ್ತಿತ್ತು. ಓದುವವಳು ದೀವರ ಕೇರಿಯ ಕೆರಿಯಪ್ಪನ ಮಗಳು ವರದಮ್ಮ. ಪಿಯುಸಿ ಮುಗಿಸಿ ಊರ ಬಾಲವಾಡಿಯಲ್ಲಿ ಮಕ್ಕಳ ಮೂಗು ಒರೆಸುತ್ತಾ ಅ ಆ ಇ ಈ ಹೇಳಿಕೊಡುತ್ತಿದ್ದವಳು ಅಂಚೆಯಲ್ಲಿ ಬಿ.ಎ. ಕಟ್ಟಿದ್ದಳು. "ಹೊಳೆಗೇ ಇಳೀದೆ ಈಜು ಕಲೀತಾಳಂತೆ" ಎಂದು ಊರವರು ನಕ್ಕರು. ನಗುವವರ ಮುಂದೆ ಎಡವಿ ಬೀಳಬಾರದು ಎಂಬ ಹಟವೊಂದೇ ಅವಳಿಗೆ ಸಾಕಾಗಿತ್ತು.

ಜಯಪ್ಪನ ಸೈಕಲ್ಲು ಕೇರಿಯವರೆಗೆ ಬರುತ್ತಿರಲಿಲ್ಲ. ಊರಿನ ಟಪಾಲೆಲ್ಲ ಹಿರೇಮನೆಗೆ. ಹಿರೇಮನೆ ಎಂದರೆ ರಾಮಚಂದ್ರಪ್ಪ ಗೌಡರ ಮನೆ, ಕೇರಿಯವರ ಬಾಯಲ್ಲಿ ಒಡೇರ ಮನೆ. ಬೈಲಿನ ಗದ್ದೆಯೆಲ್ಲ ಅವರದು. ಉಳುವವರೆಲ್ಲ ಅವರ ಗೇಣಿದಾರರು. ಗೌಡರ ಕಣ್ಣಿಗೆ ಪೊರೆ ಬಂದು ಪೇಪರು ಓದುವುದು ನಿಂತಿತ್ತು. ಪಾಠ ತೆಗೆದುಕೊಂಡು ಹೋಗಲು ಬಂದ ವರದಮ್ಮನನ್ನು ಅವರು ಜಗಲಿಯ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದರು: "ಓದು ಮಗ, ನಮ್ಮನ್ನ ಎಂತೆಂತ ಬೈದಾರೆ ನೋಡಣ."

ಅವಳು ಓದುತ್ತಿದ್ದಳು. ಸಾಮಾಜಿಕ ನ್ಯಾಯ ಎಂದರೇನು, ಭೂಮಿ ಕೆಲವರ ಕೈಯಲ್ಲೇ ಉಳಿದರೆ ಏನಾಗುತ್ತದೆ, ಉಳುವವನೇ ಹೊಲದೊಡೆಯ ಎಂಬುದು ಘೋಷಣೆಯಾಗಿದ್ದದ್ದು ಕಾನೂನು ಹೇಗಾಯಿತು. ಗೌಡರು ಎಲೆ ಅಡಿಕೆ ಮೆಲ್ಲುತ್ತ, "ಚೆನ್ನಾಗಿ ಬರ್ದಿದಾರೆ ಮಾರಾಯ್ತಿ" ಎಂದು ತಲೆದೂಗುತ್ತಿದ್ದರು. ಅವಳ ಅಪ್ಪ ಆ ಜಗಲಿಯನ್ನು ಒಂದು ದಿನವೂ ಹತ್ತಿದವನಲ್ಲ. ಅಂಗಳದಲ್ಲಿ ನಿಂತೇ ಮಾತು ಮುಗಿಸಿ ಹೋಗುವವನು. ತಾನು ಮೇಲೆ ಕೂತಿದ್ದೇನಲ್ಲ, ಕಾಲ ಬದಲಾಯಿತು ಎಂದುಕೊಂಡಳು ಹುಡುಗಿ. ಇಪ್ಪತ್ತರ ವಯಸ್ಸಿಗೆ ಒಂದು ಜಗಲಿ ಹತ್ತಿದರೆ ಬೆಟ್ಟ ಹತ್ತಿದ ಹಾಗೆ ಆಗುತ್ತದೆ.

ಉಳುವ ಗದ್ದೆ ತನ್ನ ಹೆಸರಿಗೆ ಆಗಲಿ ಎಂದು, ಕೇರಿಯ ಉಳಿದವರ ಹಾಗೆ ಕೆರಿಯಪ್ಪನೂ ಗೌಡರ ಮೇಲೆ ಡಿಕ್ಲರೇಶನ್ ಹಾಕಿದ್ದ. ಅವನಾಗಿ ಹಾಕುತ್ತಿರಲಿಲ್ಲ. ಮಗಳು ಹೇಳಿದ್ದಕ್ಕೆ ಹಾಕಿದ. ಹಾಕಿದ ದಿನವೇ ಹಿರೇಮನೆಯ ಅಂಗಳಕ್ಕೆ ಹೋಗಿ, "ಅರ್ಜಿ ಕೊಟ್ಟು ಬಂದೆ ಒಡೇರೆ" ಎಂದು ತಾನೇ ಹೇಳಿ ಬಂದ. ಅವನು ಇದ್ದದ್ದೇ ಹಾಗೆ. ತನ್ನ ಎತ್ತು ಬೇರೆಯವರ ಗದ್ದೆಗೆ ನುಗ್ಗಿದರೆ, ಗದ್ದೆಯವನಿಗೆ ಗೊತ್ತಾಗುವ ಮೊದಲು ಇವನೇ ಹೋಗಿ ಹೇಳುತ್ತಿದ್ದ. ಗಡಿಯ ಜಗಳಕ್ಕೂ ಪಾಲಿನ ಜಗಳಕ್ಕೂ ಅಕ್ಕಪಕ್ಕದ ಊರಿನವರು ಅವನನ್ನು ಕರೆಯುತ್ತಿದ್ದರು. ಕೆರಿಯಪ್ಪ ಹೀಗೆ ಅಂದ ಎಂದರೆ ಅಲ್ಲಿಗೆ ಮುಗಿಯಿತು. ಅವನ ಹತ್ತಿರ ಇದ್ದ ಆಸ್ತಿ ಅದೊಂದೇ, ಅದಕ್ಕೆ ಗೇಣಿ ಕೊಡಬೇಕಾಗಿರಲಿಲ್ಲ.

ವಿಚಾರಣೆಯ ಹಿಂದಿನ ದಿನ ವರದಮ್ಮ ಅಪ್ಪನನ್ನು ಕೂರಿಸಿಕೊಂಡು ಹೇಳಿದಳು: "ಹೆದರಬ್ಯಾಡ ಅಪ್ಪಯ್ಯ. ಎಂತ ಕೇಳಿದ್ರೂ ಇದ್ದದ್ದು ಇದ್ದಂಗೆ ಹೇಳು. ಕಾನೂನು ನಮ್ಮ ಕಡೆ ಐತೆ."

"ಇದ್ದದ್ದು ಹೇಳಾಕೆ ಹೆದರಿಕೆ ಎಂತದು?" ಎಂದ ಕೆರಿಯಪ್ಪ.

ಹೊಸನಗರದ ತಾಲ್ಲೂಕು ಕಚೇರಿಯ ಮುಂದೆ ಅವತ್ತು ಕಣಗಿನಬೈಲಿನ ಕೇರಿಯೇ ನೆರೆದಿತ್ತು. ಭೂನ್ಯಾಯ ಮಂಡಳಿಯ ಸಾಹೇಬರು ಮೊದಲು ಕೂಗಿಸಿದ್ದು ಕೆರಿಯಪ್ಪನ ಹೆಸರು. ಗದ್ದೆ ಯಾರು ಉಳುತ್ತಾರೆ? ನಾನು. ನಿನಗಿಂತ ಮೊದಲು? ನಮ್ಮಪ್ಪ ವಾಸಪ್ಪ. ಗೇಣಿ ಎಲ್ಲಿ ಅಳೆಯುತ್ತೀಯ? ಹಿರೇಮನೆ ಕಣದಲ್ಲಿ. ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ಬಾಗಿಲ ಬಳಿ ನಿಂತಿದ್ದ ವರದಮ್ಮ ಉಸಿರು ಬಿಟ್ಟಳು. ಆಗ ಗೌಡರು ಎದ್ದು, "ನಾನೊಂದು ಮಾತು ಕೇಳಬಹುದಾ?" ಎಂದರು. ಸಾಹೇಬರು ಆಗಲಿ ಎಂದರು.

"ಕೆರಿಯ, ಶಿವರಾತ್ರಿ ಆದ ಮೇಲೆ ನಿನ್ನ ನೊಗ ನೇಗಿಲು ಎಲ್ಲಿರ್ತದೆ?"

"ನಿಮ್ಮ ಕೊಟ್ಟಿಗೇಲಿ ಒಡೇರೆ."

"ಎಲ್ಲಿ ತನಕ?"

"ಯುಗಾದಿ ತನಕ. ಬೇವುಬೆಲ್ಲ ಆದ ಮೇಲೆ ನೀವು ವೀಳ್ಯ ಕೊಟ್ರೆ ತಗಂಡು ಬತ್ತೀವಿ."

"ಅಲ್ಲೀವರೆಗೆ ಗದ್ದೆ ಯಾರ ಕೈಲಿ?"

ಕಣಗಿನಬೈಲಿನ ಪದ್ಧತಿ ಅದು. ಕೊಯ್ಲೆಲ್ಲ ಮುಗಿದು ಶಿವರಾತ್ರಿಯ ಮಾರನೆಯ ದಿನ, ಕೇರಿಯ ಗಂಡಸರೆಲ್ಲ ನೇಗಿಲು ಹೊತ್ತು ಹೋಗಿ ಒಡೆಯರ ಕೊಟ್ಟಿಗೆಯಲ್ಲಿ ಒರಗಿಸಿ, ಗದ್ದೆ ಒಪ್ಪಿಸಿದೆವು ಎಂದು ಹೇಳಿ, ಮಜ್ಜಿಗೆ ಕುಡಿದು ಬರುವುದು. ಯುಗಾದಿಯ ದಿನ ಎಲೆ ಅಡಿಕೆಯ ಜೊತೆ ಅದೇ ನೇಗಿಲು, ಅದೇ ಗದ್ದೆ ವಾಪಸು. ನಡುವೆ ಗದ್ದೆಯಲ್ಲಿ ಕೆಲಸವೂ ಇರುತ್ತಿರಲಿಲ್ಲ, ಬಿಸಿಲು ಕಾಯುತ್ತಿತ್ತು ಅಷ್ಟೇ. ಯಾವ ಕಾಲದ ಯಾವ ಒಡೆಯ ಮಾಡಿದ್ದೋ, ಮಣ್ಣು ಒಕ್ಕಲಿನವನ ಕೈಗೆ ಅಂಟದಿರಲಿ ಎಂದು ಮಾಡಿದ ಉಪಾಯ. ಮಾಡುವವರಿಗೆ ಅದು ಹಬ್ಬವಾಗಿತ್ತು.

"ನಿಮ್ಮ ಕೈಲಿ ಒಡೇರೆ" ಎಂದ ಕೆರಿಯಪ್ಪ. "ಒಪ್ಪಿಸಿದ ಮೇಲೆ ನಿಮ್ಮದೇ ಅಲ್ದಾ?"

ಸಾಹೇಬರ ಪೆನ್ನು ನಿಂತಿತು. ಎಪ್ಪತ್ತನಾಲ್ಕನೇ ಇಸವಿಯ ಮಾರ್ಚ್ ಒಂದನೇ ತಾರೀಕಿಗೆ ಗದ್ದೆ ಯಾರ ಸ್ವಾಧೀನದಲ್ಲಿತ್ತು ಎಂಬುದರ ಮೇಲೆ ಕಾನೂನೆಲ್ಲ ನಿಂತಿತ್ತು. ಆ ವರ್ಷ ಮಾರ್ಚ್ ಒಂದು ಶಿವರಾತ್ರಿ ಕಳೆದ ಮೇಲೆ, ಯುಗಾದಿ ಬರುವ ಮೊದಲು ಬಿದ್ದಿತ್ತು. ಸಾಹೇಬರು ಮತ್ತೊಮ್ಮೆ ಕೇಳಿದರು, ಯೋಚಿಸಿ ಹೇಳು ಎಂದೂ ಹೇಳಿದರು. ಕೆರಿಯಪ್ಪ ಯೋಚಿಸುವುದೇನಿದೆ ಎಂಬಂತೆ ಅದನ್ನೇ ಮತ್ತೊಮ್ಮೆ ಹೇಳಿ ಹೆಬ್ಬೆಟ್ಟು ಒತ್ತಿದ. ಆ ತಾರೀಕಿನ ವಿಷಯ ಗೌಡರಿಗೆ ಜಗಲಿಯ ಮೇಲೆ ಓದಿ ಹೇಳಿದ್ದವಳು ತಾನೇ ಎಂಬುದು ವರದಮ್ಮನಿಗೆ ನೆನಪಾಯಿತು.

ಮುಂದಿನ ಹೆಸರು ಪಕ್ಕದ ಮನೆಯ ಜಟ್ಟಪ್ಪನದು. ಅವನು ಒಳಗೆ ಹೋಗುವಷ್ಟರಲ್ಲಿ ಬುದ್ಧಿ ಕಲಿತಾಗಿತ್ತು. "ನೇಗಿಲು ಒಪ್ಪಿಸೋದಾ? ಅಂತ ಪದ್ಧತಿ ನಮ್ಮಲ್ಲಿ ಕೇಳಿಯೇ ಇಲ್ಲ ಸ್ವಾಮಿ. ಕೆರಿಯಪ್ಪಣ್ಣಂಗೆ ವಯಸ್ಸಾತು, ಎಂತೆಂತದೋ ಹೇಳ್ತಾನೆ" ಎಂದ. ಅವನ ಹಿಂದೆ ಬಂದವರೆಲ್ಲ ಹಾಗೆಯೇ ಅಂದರು. ಒಬ್ಬನ ಹೇಳಿಕೆ ಒಂದು ಕಡೆ, ಇಡೀ ಕೇರಿಯ ಹೇಳಿಕೆ ಇನ್ನೊಂದು ಕಡೆ. ಸಾಹೇಬರು ಎರಡನ್ನೂ ನಂಬಿದರು: ಕೇರಿಯವರಿಗೆಲ್ಲ ಗದ್ದೆ ಆಯಿತು, ಕೆರಿಯಪ್ಪನೊಬ್ಬನ ಅರ್ಜಿ ವಜಾ ಆಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೊಡಲು ತಯಾರಿದ್ದ, ಈಸಿಕೊಳ್ಳುವವನೇ ಕೈ ಹಿಂದಕ್ಕೆ ಕಟ್ಟಿಕೊಂಡಿದ್ದ.

ಮುಂದಿನ ಯುಗಾದಿಗೆ ಕೆರಿಯಪ್ಪನಿಗೆ ವೀಳ್ಯ ಬರಲಿಲ್ಲ. ಗೌಡರು ತಮ್ಮ ಕೈಯಲ್ಲಿ ಉಳಿದ ಅದೊಂದೇ ಗದ್ದೆಯನ್ನು ಆಳು ಹಚ್ಚಿ ಉಳುಮೆ ಮಾಡಿಸಿದರು. ನಾಟಿಯ ಹೊತ್ತಿಗೆ ಆಳು ಕಡಿಮೆಯಾದಾಗ ಕೆರಿಯಪ್ಪನಿಗೇ ಹೇಳಿಕಳಿಸಿದರು. ಅವನು ಹೋದ. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಅಂಚು ಕುಸಿಯುತ್ತದೆ ಎಂದು ಹೊಸ ಆಳುಗಳಿಗೆ ಹೇಳಿಕೊಟ್ಟು, ಸಂಜೆ ಅವರ ಹಿಂದೆ ಸಾಲಿನಲ್ಲಿ ನಿಂತು ಕೂಲಿ ಈಸಿಕೊಂಡು ಬಂದ. ಅವನು ಆಳುಗಳ ಜೊತೆ ಗದ್ದೆಗೆ ಇಳಿದದ್ದನ್ನು ವರದಮ್ಮ ಬೆಳಿಗ್ಗೆಯೇ ಬಾಲವಾಡಿಯ ಕಿಟಕಿಯಿಂದ ನೋಡಿದ್ದಳು. ಅವಳಿಗೆ ಅಪ್ಪನ ಮೇಲೆ ಎಂಥ ಸಿಟ್ಟು ಬಂತೆಂದರೆ, ಆ ಹೊತ್ತು ಮಕ್ಕಳನ್ನು ಬೇಗ ಮನೆಗೆ ಬಿಟ್ಟಳು.

ಗೌಡರು ದಾರಿಯಲ್ಲಿ ಸಿಕ್ಕಿ, "ಬೇಜಾರು ಮಾಡ್ಕಬ್ಯಾಡ ಮಗ. ನಾನೇನು ಸುಳ್ಳು ಹೇಳಿದ್ನಾ? ನಿನ್ನ ಅಪ್ಪ ಹೇಳಿದ್ನಾ? ಪಾಠ ಬಂದಿದೆ, ಬಂದು ಓದು" ಎಂದರು. ಅವಳು ಮತ್ತೆ ಆ ಜಗಲಿ ಹತ್ತಲಿಲ್ಲ. ಜಯಪ್ಪನಿಗೆ ಹೇಳಿ ಟಪಾಲು ಬಾಲವಾಡಿಗೇ ಬರುವ ಹಾಗೆ ಮಾಡಿಕೊಂಡಳು. ಆದರೆ ಕೇರಿಯ ಬಾವಿಯನ್ನು ಬಿಡಲು ಆಗುತ್ತದೆಯೇ? ಅಲ್ಲಿ ಜಟ್ಟಪ್ಪನ ಹೆಂಡತಿ ಮಾಸ್ತಮ್ಮ ವರದಮ್ಮನ ತಾಯಿ ಕನ್ನಮ್ಮನಿಗೆ ಕೇಳಿಸುವ ಹಾಗೆ ಹೇಳುತ್ತಿದ್ದಳು: "ನಮ್ಮನೇಲಿ ಈ ಸಲ ನಮ್ಮ ಗದ್ದೆ ಅಕ್ಕಿ. ಕೆಲವ್ರ ಮನೇಲಿ ಸತ್ಯನೇ ಬೇಯಿಸ್ಕಂಡು ಉಣ್ತಾರಂತೆ." ಕನ್ನಮ್ಮ ಕೊಡ ತುಂಬುವ ಮೊದಲೇ ಎದ್ದು ಬರುತ್ತಿದ್ದಳು.

ವರದಮ್ಮ ಸಾಗರಕ್ಕೆ ಹೋಗಿ ವಕೀಲ ಸುಬ್ಬರಾಯರನ್ನು ಕಂಡಳು. ಅವರು ಎಲ್ಲ ಕೇಳಿ, "ಎರಡು ದಾರಿ ಇದೆಯಮ್ಮ" ಎಂದರು. "ನೇಗಿಲು ಇಟ್ಟು ಬಂದ ಮಾತ್ರಕ್ಕೆ ಗೇಣಿ ಮುರಿಯೋದಿಲ್ಲ ಅಂತ ಹೈಕೋರ್ಟಿನಲ್ಲಿ ವಾದ ಮಾಡೋದು ಒಂದು. ಅದು ನೆಟ್ಟಗಿನ ದಾರಿ, ಗೆಲ್ಲಲೂಬಹುದು. ಆದರೆ ಬಹಳ ಉದ್ದ. ಅಷ್ಟರಲ್ಲಿ ನಿಮ್ಮ ತಂದೆ ಇರ್ತಾರೋ ಇಲ್ವೋ. ಇನ್ನೊಂದು ಹತ್ತಿರದ್ದು. ಹೇಳಿಕೆ ಕೊಡುವಾಗ ಅವರಿಗೆ ಬುದ್ಧಿ ಸ್ಥಿಮಿತದಲ್ಲಿ ಇರಲಿಲ್ಲ ಅಂತ ಒಂದು ಪ್ರಮಾಣಪತ್ರ. ಕೇರಿಯವರೆಲ್ಲ ಆಗಲೇ ಹಾಗೇ ಹೇಳಿದಾರಲ್ಲ, ಗಟ್ಟಿಯಾಗಿ ನಿಲ್ಲುತ್ತೆ. ಮಂಡಳಿಗೆ ವಾಪಸು ಬರುತ್ತೆ."

ಅವಳು ಬಸ್ಸಿನಲ್ಲಿ ಕೂತು ಯೋಚಿಸಿದಳು. ಆ ತಿಂಗಳು ಬಂದ ಪಾಠದಲ್ಲಿ, ತಡವಾಗಿ ಸಿಕ್ಕ ನ್ಯಾಯ ನ್ಯಾಯವೇ ಅಲ್ಲ ಎಂದು ಬರೆದಿತ್ತು. ಅವಳು ಅದರ ಕೆಳಗೆ ಗೆರೆ ಹಾಕಿದ್ದಳು. ಉದ್ದದ ದಾರಿಯಲ್ಲಿ ಅಪ್ಪ ಕೂಲಿಯಾಗಿಯೇ ಸಾಯುತ್ತಾನೆ. ಹತ್ತಿರದ ದಾರಿಯಲ್ಲಿ ಒಂದು ಸಾಲು ಸುಳ್ಳು ಮಾತ್ರ. ಇಡೀ ಕೇರಿ ಒಂದೊಂದು ಸುಳ್ಳು ಹೇಳಿ ಗದ್ದೆ ಪಡೆದಿದೆ, ತನ್ನದು ಯಾವ ಮಹಾ? ನ್ಯಾಯ ಓದಿದವರಿಗೆ ಇದೊಂದು ಅನುಕೂಲ. ಅನ್ಯಾಯ ಮಾಡುವಾಗಲೂ ಅವರ ಹತ್ತಿರ ಕಾರಣ ಇರುತ್ತದೆ.

ಕಾಗದ ತಂದು ಅಪ್ಪನ ಮುಂದೆ ಇಟ್ಟಾಗ ಕೆರಿಯಪ್ಪ ಕೇಳಿದ: "ಇದರಾಗೆ ಎಂತ ಬರ್ದೈತೆ?"

"ಮೇಲಿನ ಕೋರ್ಟಿಗೆ ಅರ್ಜಿ ಅಪ್ಪಯ್ಯ. ನಮ್ಮ ಗದ್ದೆ ನಮಗೆ ಕೊಡಿ ಅಂತ."

"ಇದ್ದದ್ದೇ ಬರ್ದಿದೀಯಲ್ಲ?"

"ಇದ್ದದ್ದೇ ಬರ್ದಿದೀನಿ" ಎಂದಳು ವರದಮ್ಮ.

ಅವನು ಮತ್ತೆ ಕೇಳಲಿಲ್ಲ. ಬೆರಳನ್ನು ಪಂಚೆಗೆ ಚೆನ್ನಾಗಿ ಒರೆಸಿಕೊಂಡು, ಕಾಗದ ಕೊಳೆಯಾಗದ ಹಾಗೆ ಜಾಗ್ರತೆಯಿಂದ ಹೆಬ್ಬೆಟ್ಟು ಒತ್ತಿದ.

ಹತ್ತಿರದ ದಾರಿ ಎಂದರೂ ಅದಕ್ಕೆ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಅವಳು ಬಿ.ಎ. ಕೊನೆಯ ವರ್ಷಕ್ಕೆ ಬಂದಿದ್ದಳು. ಹೈಕೋರ್ಟು ಮತ್ತೊಮ್ಮೆ ವಿಚಾರಿಸಿ ಎಂದು ಹೇಳಿ ಕಡತವನ್ನು ಹೊಸನಗರಕ್ಕೆ ಕಳಿಸಿತು. ಮಂಡಳಿಯಲ್ಲಿ ಈಗ ಬೇರೆ ಸಾಹೇಬರು, ಚಿಕ್ಕ ವಯಸ್ಸಿನವರು. ಕೆರಿಯಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡು ಕಾಗದ ಓದಿದರು: "ಅರ್ಜಿದಾರನ ಬುದ್ಧಿ ಕೆಲವು ವರ್ಷಗಳಿಂದ ಸ್ಥಿಮಿತದಲ್ಲಿಲ್ಲ. ಹಿಂದೆ ಕೊಟ್ಟ ಹೇಳಿಕೆ ಏನೆಂದು ಅವನಿಗೆ ತಿಳಿದಿರಲಿಲ್ಲ."

ಕೆರಿಯಪ್ಪ ಸುತ್ತ ನೋಡಿದ. ಬೇರೆ ಯಾರದೋ ವಿಷಯ ಓದುತ್ತಿದ್ದಾರೆ ಎಂದು ಅವನಿಗೆ ಅನ್ನಿಸಿರಬೇಕು.

"ನಿನ್ನ ವಿಷಯವೇ. ಇದು ನಿಜವೇನಪ್ಪ?"

ಅವನು ಬಾಯಿ ತೆರೆಯುವ ಮೊದಲೇ ಗೌಡರು ಎದ್ದರು. ಪೊರೆ ತೆಗೆಸಿ ದಪ್ಪ ಕನ್ನಡಕ ಹಾಕಿದ್ದರು. "ಸ್ವಾಮಿ, ಇದು ಹಸೀ ಸುಳ್ಳು. ಕೆರಿಯನ ತಲೆ ಎಷ್ಟು ಸರಿ ಇದೆ ಅಂತ ಇಡೀ ಸೀಮೆಗೆ ಗೊತ್ತು. ನನಗಿಂತ ಸರಿ ಇದೆ. ಯಾರು ಬರೆಸಿದ್ದು ಅಂತ ಅವನನ್ನೇ ಕೇಳಿ, ಅವನು ಸುಳ್ಳು ಹೇಳೋದಿಲ್ಲ."

ವಕೀಲರು ವರದಮ್ಮನ ಕಡೆ ನೋಡಲಿಲ್ಲ. ಕೆರಿಯಪ್ಪ ನೋಡಿದ. ಬಾಗಿಲ ಬಳಿ ನಿಂತಿದ್ದ ಅವಳ ಮುಖದಲ್ಲಿ ಎಲ್ಲ ಬರೆದಿತ್ತು, ಅದನ್ನು ಓದಲು ಅಕ್ಷರ ಬರಬೇಕಾಗಿರಲಿಲ್ಲ.

"ಸ್ವಾಮಿ, ಒಂದು ಕೇಳ್ತೀನಿ" ಎಂದ ಅವನು ನಿಧಾನವಾಗಿ. "ಕಾಗದದಾಗೆ ಇರೋದು ಸುಳ್ಳಾದ್ರೆ ಎಂತ ಮಾಡ್ತೀರಿ?"

"ಸುಳ್ಳು ಪ್ರಮಾಣ ಅಪರಾಧ. ಬರೆಸಿದವರಿಗೆ ಶಿಕ್ಷೆ ಆಗುತ್ತೆ."

ಹೊರಗೆ ಯಾರದೋ ಹೆಸರು ಕೂಗುತ್ತಿದ್ದರು. ಕೆರಿಯಪ್ಪ ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಿಜ ಸ್ವಾಮಿ" ಎಂದ. "ನನಗೆ ತಲೆ ಸರಿ ಇಲ್ಲ."

"ಯಾವಾಗಿನಿಂದ?"

"ಅದು ಮಗಳಿಗೆ ಗೊತ್ತು."

ಗೌಡರು ಕೂತುಬಿಟ್ಟರು. ಆಮೇಲೆ ಅವರನ್ನು ಏನಾದರೂ ಹೇಳುವುದಿದೆಯೇ ಎಂದು ಕೇಳಿದಾಗ, "ಇವನೇ ಹೀಗೆ ಅಂದ ಮೇಲೆ ಇನ್ನು ಯಾರ ಹತ್ರ ಎಂತ ಹೇಳೋದು" ಎಂದರು. ಅಲ್ಲಿ ಇದ್ದವರಲ್ಲಿ ಕೆರಿಯಪ್ಪನ ಮಾತನ್ನು ಕೊನೆಯವರೆಗೆ ನಂಬಿದ್ದವರು ಅವರೊಬ್ಬರೇ, ಮತ್ತು ಆ ನಂಬಿಕೆಯ ಮೇಲೇ ಅವನ ಗದ್ದೆ ಹೊಡೆದವರೂ ಅವರೇ. ಆದೇಶ ಕೆರಿಯಪ್ಪನ ಪರವಾಗಿ ಆಯಿತು.

ಬಸ್ಸಿನಲ್ಲಿ ವರದಮ್ಮ ಅಪ್ಪನ ಪಕ್ಕ ಕೂತು, "ಗದ್ದೆ ನಮ್ಮದಾತು ಅಪ್ಪಯ್ಯ" ಎಂದಳು. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಅವನು ಬೈದಿದ್ದರೆ, ನಾಲ್ಕು ಬಾರಿಸಿದ್ದರೆ, ಅವಳು ತಡೆದುಕೊಳ್ಳುತ್ತಿದ್ದಳು.

ಮಾರನೆಯ ವಾರ ಪಕ್ಕದೂರಿನ ಪುಟ್ಟಪ್ಪ ಗಡಿಯ ಜಗಳ ಹೊತ್ತುಕೊಂಡು ಬಂದ. "ನೀ ಹೇಳಿದಂಗೆ ಕೇಳ್ತೀವಿ ಕೆರಿಯಪ್ಪಣ್ಣ" ಎಂದ. ಕೆರಿಯಪ್ಪ ಅವನ ಮುಖವನ್ನೇ ದಿಟ್ಟಿಸಿ, ಎದ್ದು ಹೋಗಿ ಕೊಟ್ಟಿಗೆಯಲ್ಲಿ ಕೂತ. ಅವತ್ತಿನಿಂದ ಅವನು ಹಾಗೇ ಆದ. ಅಂಗಿ ಹಿಂದುಮುಂದಾಗಿ ತೊಟ್ಟು ಬೀದಿಗೆ ಬಂದ. ಬಿಟ್ಟ ಎತ್ತುಗಳನ್ನು ಹಿಂದಕ್ಕೆ ಹೊಡೆಯಲು ಹೋಗಲಿಲ್ಲ. ನಾಟಿಯ ಕಾಲದಲ್ಲಿ, ತಾನು ತನ್ನ ಹೆಸರಿಗೆ ಪಡೆದ ಗದ್ದೆಯ ಅಂಚಿಗೂ ಕಾಲಿಡದೆ, ಊರ ಮುಂದಿನ ಮೋರಿಕಟ್ಟೆಯ ಮೇಲೆ ಕೂತು ಹೋಗುವ ಬರುವವರನ್ನೆಲ್ಲ ನೀವು ಯಾರು ಎಂದು ಕೇಳತೊಡಗಿದ. "ಕೋರ್ಟಿನಾಗೆ ಹೇಳಿದ್ದು ಖರೇನೇ ಆಗಿತ್ತು ಮಾರಾಯ" ಎಂದು ಜಟ್ಟಪ್ಪ ಮರುಗಿದ. ಅವನ ಮರುಕ ಸುಳ್ಳಾಗಿರಲಿಲ್ಲ, ಎದೆಯ ಮೇಲಿನ ಭಾರವೂ ಇಳಿದಿತ್ತು.

ಕನ್ನಮ್ಮನಿಗೆ ಏನೂ ಗೊತ್ತಿರಲಿಲ್ಲ. ಒಡೇರಿಗೆ ಎದುರು ನಿಂತದ್ದಕ್ಕೆ ಯಾರೋ ಮಾಡಿಸಿದ್ದಾರೆ ಎಂದು ಅವಳು ಅತ್ತಳು. ತೀರ್ಥಹಳ್ಳಿ ಕಡೆ, ಮೇಳಿಗೆಯ ಹತ್ತಿರ ಒಬ್ಬ ಮಂತ್ರದವನಿದ್ದಾನೆ ಎಂದು ಕೇಳಿ, ಗಂಡನನ್ನೂ ಮಗಳನ್ನೂ ಕರೆದುಕೊಂಡು ಬಸ್ಸು ಹತ್ತಿದಳು. ಮಂತ್ರದವನು ಕೆರಿಯಪ್ಪನನ್ನು ಕೆಂಪು ನೀರಿನ ಮುಂದೆ ಕೂರಿಸಿ, ಯಾರು ನೀನು, ಯಾಕೆ ಬಂದೆ, ಬಿಟ್ಟು ಹೋಗು ಎಂದು ಅಬ್ಬರಿಸಿ, ಲಕ್ಕಿ ಗಿಡದ ಬರಲಿನಿಂದ ಹೊಡೆದ. ಕೆರಿಯಪ್ಪ ಕಣ್ಣು ಮುಚ್ಚಿ ಕೂತಿದ್ದ. ಬೆನ್ನಿನ ಮೇಲೆ ಬಾಸುಂಡೆ ಎದ್ದವು. ಸಾಕು ನಿಲ್ಲಿಸಿ ಎನ್ನಬೇಕು ಅನ್ನಿಸಿತು ವರದಮ್ಮನಿಗೆ. ಹೇಳಿದರೆ ಯಾಕೆ ಎಂದೂ ಹೇಳಬೇಕಾಗಿತ್ತು. ತಾಯತ ಕಟ್ಟಿಸಿಕೊಂಡು ಮೂವರೂ ವಾಪಸು ಬಂದರು.

ಆ ಬೇಸಿಗೆಯಲ್ಲಿ ಅವಳು ಶಿವಮೊಗ್ಗಕ್ಕೆ ಹೋಗಿ ಪರೀಕ್ಷೆ ಬರೆದಳು. ಭೂ ಸುಧಾರಣೆಯಿಂದ ಸಾಮಾಜಿಕ ನ್ಯಾಯ ಹೇಗೆ ಸಾಧ್ಯವಾಗುತ್ತದೆ, ಉದಾಹರಣೆ ಸಹಿತ ವಿವರಿಸಿ ಎಂಬ ಪ್ರಶ್ನೆ ಬಂದಿತ್ತು. ಕಣಗಿನಬೈಲನ್ನೇ ಉದಾಹರಣೆ ಕೊಟ್ಟು ಬರೆದಳು. ಒಂದು ಊರಿನ ಗೇಣಿದಾರರೆಲ್ಲರಿಗೂ, ಒಬ್ಬನನ್ನೂ ಬಿಡದೆ, ಭೂಮಿ ಸಿಕ್ಕಿದೆ ಎಂದು ಬರೆದು ಕೆಳಗೆ ಗೆರೆ ಹಾಕಿದಳು; ಬರೆದದ್ದು ನಿಜವೇ ಆಗಿತ್ತು. ಆ ವಿಷಯದಲ್ಲೇ ಅವಳಿಗೆ ಹೆಚ್ಚು ಅಂಕ ಬಂದವು. ಕಣಗಿನಬೈಲಿನ ಮೊದಲ ಬಿ.ಎ. ಎಂದು ಊರವರು ಈಗ ನಗಲಿಲ್ಲ, ಹೊಗಳಿದರು. ಪಾಪ, ಅಪ್ಪನಿಗೆ ತಿಳಿಯುವ ಹಾಗಿದ್ದಿದ್ದರೆ ಎಂದೂ ಹೇಳಿದರು.

ಫಲಿತಾಂಶ ಬಂದ ದಿನ ಮಧ್ಯಾಹ್ನ ಅವಳು ಮೋರಿಕಟ್ಟೆಗೆ ಹೋದಳು. ರಸ್ತೆ ಖಾಲಿಯಿತ್ತು. ಅಪ್ಪನ ಪಕ್ಕ ಕೂತು ಅವನ ಕೈ ಹಿಡಿದುಕೊಂಡಳು.

"ಸಾಕು ಮಾಡು ಅಪ್ಪಯ್ಯ. ತಪ್ಪು ನಂದು, ನನ್ನ ಬೈಯಿ, ಹೊಡಿ. ನಿನ್ನ ತಲೆ ಸರಿ ಐತೆ, ನನಗೆ ಗೊತ್ತು."

ಕೆರಿಯಪ್ಪ ರಸ್ತೆಯ ಆ ಕಡೆ ಈ ಕಡೆ ನೋಡಿದ. ಆಮೇಲೆ ಎಷ್ಟೋ ತಿಂಗಳಿನಿಂದ ಅವಳು ಕೇಳಿರದ ಅವನ ಹಳೆಯ ದನಿಯಲ್ಲಿ, ಮೆತ್ತಗೆ ಹೇಳಿದ: "ಮೆಲ್ಲಗೆ ಮಾತಾಡು ಮಗ. ಯಾರಾದ್ರೂ ಕೇಳಿಸ್ಕಂಡ್ರೆ ನಿನ್ನ ಹಿಡ್ಕಂಡು ಹೋಗ್ತಾರೆ. ನನ್ನ ಬಾಯಲ್ಲಿ ಒಂದ್ಸಲ ಬಂದ ಮಾತು ಅದು, ಸುಳ್ಳಾಗಬಾರ್ದು."

"ಎಲ್ಲಿ ತನಕ ಅಪ್ಪಯ್ಯ?"

ಅವನು ಉತ್ತರ ಹೇಳುವುದರಲ್ಲಿದ್ದ. ಅಷ್ಟರಲ್ಲಿ ತಿರುವಿನಲ್ಲಿ ಯಾರೋ ದನ ಹೊಡೆದುಕೊಂಡು ಬರುವುದು ಕಾಣಿಸಿತು. ಕೆರಿಯಪ್ಪ ಅವಳ ಕೈಯಿಂದ ತನ್ನ ಕೈ ಬಿಡಿಸಿಕೊಂಡ. ಮುಖ ಸಡಿಲವಾಯಿತು, ಕಣ್ಣು ಎತ್ತಲೋ ಹೋಯಿತು. ಕಟ್ಟೆಯ ಮೇಲೆ ಸ್ವಲ್ಪ ದೂರ ಸರಿದು ಕೂತು ಗಟ್ಟಿಯಾಗಿ ಕೇಳಿದ:

"ಯಾರವ್ವ ನೀನು? ಯಾರ ಮನೆಯೋಳು?"

ದನದವನು ಹತ್ತಿರ ಬಂದಿದ್ದ. ಅವನಿಗೆ ಕೇಳಿಸುವ ಹಾಗೆ ವರದಮ್ಮನೂ ಗಟ್ಟಿಯಾಗಿಯೇ ಹೇಳಬೇಕಾಯಿತು.

"ಕೆರಿಯಪ್ಪನ ಮಗಳು" ಎಂದಳು.